ನೋಡೋಣಪ್ಪನ ಮನೆ ಮಾರಾಟ

ತಂದೆತಾಯಿ ಇಟ್ಟ ಹೆಸರು ಒಂದಿತ್ತು. ಅದು ಪಿಂಚಣಿ ಪುಸ್ತಕದೊಳಗೆ ಭದ್ರವಾಗಿತ್ತು, ಯಾರೂ ಅದನ್ನು ಬಳಸಿ ಸವೆಸಿರಲಿಲ್ಲ. ನಗರದ ನೀರು ಸರಬರಾಜು ಕಚೇರಿಯ ಮೂರನೆಯ ಕಿಟಕಿಯ ಹಿಂದೆ ಮೂವತ್ತನಾಲ್ಕು ವರ್ಷ ಕೂತು ಹೊಸ ನಲ್ಲಿಯ ಅರ್ಜಿ ತೆಗೆದುಕೊಂಡ ಆ ಮನುಷ್ಯನನ್ನು ಎಲ್ಲರೂ ಕರೆಯುತ್ತಿದ್ದದ್ದು ನೋಡೋಣಪ್ಪ ಎಂದೇ. ಎದುರಿಗೆ ಸಾರ್, ಬೆನ್ನ ಹಿಂದೆ ನೋಡೋಣಪ್ಪ. ಅದು ಅವರಿಗೂ ಗೊತ್ತಿತ್ತು, ಬೇಸರವೇನೂ ಇರಲಿಲ್ಲ. ಅದಕ್ಕಿಂತ ಕೆಟ್ಟ ಅಡ್ಡಹೆಸರಿನವರು ಅದೇ ಕಚೇರಿಯಲ್ಲಿ ನಾಲ್ಕಾರು ಮಂದಿ ಇದ್ದರು.

"ಸಾರ್, ನಮ್ಮನೆ ನಲ್ಲಿ ಈ ತಿಂಗಳು ಆಗುತ್ತಾ?"

"ನೋಡೋಣ."

ಆಗುತ್ತದೆ ಎಂದರೆ ಮಾಡಿಕೊಡಬೇಕು. ಆಗುವುದಿಲ್ಲ ಎಂದರೆ ಜಗಳ, ಮೇಲಿನವರಿಗೆ ದೂರು, ಮಧ್ಯಾಹ್ನದ ಊಟಕ್ಕೆ ತಡ. ನೋಡೋಣ ಎಂದುಬಿಟ್ಟರೆ ಎರಡೂ ಇಲ್ಲ. ಈ ಭಾಷೆಯಲ್ಲಿ ಹುಟ್ಟಿ ಬೆಳೆದವರಿಗೆಲ್ಲ ಅದರ ಅರ್ಥ ಹೇಳಿಕೊಡಬೇಕಾಗಿಲ್ಲ. ಅದು ಇಸ್ತ್ರಿ ಮಾಡಿದ ಅಂಗಿ ತೊಟ್ಟುಕೊಂಡ 'ಇಲ್ಲ'. ಕೇಳಿದವರು ತಲೆಯಾಡಿಸಿ, ಅರ್ಜಿ ಮಡಚಿ ಜೇಬಿಗಿಟ್ಟು, ಬೇರೆ ಕಿಟಕಿ ಹುಡುಕಿಕೊಂಡು ಹೋಗುತ್ತಿದ್ದರು. ಇಷ್ಟು ವರ್ಷಗಳಲ್ಲಿ ನೋಡೋಣಪ್ಪನವರು ಯಾರ ಮುಖಕ್ಕೂ ಹೊಡೆದಂತೆ ಒಂದು ಮಾತಾಡಿದವರಲ್ಲ. ಒಳ್ಳೆಯ ಮನುಷ್ಯ ಎಂದು ನಿವೃತ್ತಿಯ ದಿನ ಭಾಷಣ ಮಾಡಿದವರಲ್ಲಿ ಮೂವರ ಮನೆಗೆ ಇನ್ನೂ ನಲ್ಲಿ ಬಂದಿರಲಿಲ್ಲ.

ಅವರ ಹೆಂಡತಿ ಬೇರೆ ರಾಜ್ಯದವರು. ಇಲ್ಲಿನ ದೊಡ್ಡಾಸ್ಪತ್ರೆಯ ಎಕ್ಸ್‌ರೇ ಕೋಣೆಗೆ ಕೆಲಸಕ್ಕೆಂದು ಬಂದು, ಇಲ್ಲಿನ ಮಾತನ್ನು ಆ ಕೋಣೆಯಲ್ಲೇ ಕಲಿತವರು. ಹಾಗಾಗಿ ಆಕೆಗೆ ಮೊದಲು ಬಂದ ವಾಕ್ಯಗಳು ಇವು: "ಅಂಗಿ ತೆಗೀರಿ. ಉಸಿರು ಎಳ್ಕೊಳ್ಳಿ. ಬಿಗಿ ಹಿಡೀರಿ. ಅಲ್ಲಾಡಬೇಡಿ." ಕಚೇರಿಯ ಕುರ್ಚಿಯ ಕಾಲು ಮುರಿದು ಭುಜ ಉಳುಕಿಸಿಕೊಂಡು ಹೋಗಿದ್ದ ನೋಡೋಣಪ್ಪನವರಿಗೆ ಆಕೆ ಈ ನಾಲ್ಕನ್ನೂ ಹೇಳಿದರು. ಇವರು ಅಲ್ಲಾಡಲಿಲ್ಲ. ಭುಜ ವಾಸಿಯಾದ ಮೇಲೂ ಮೂರು ಸಲ ಹೋಗಿ ನೋವಿದೆ ಎಂದರು. ನಾಲ್ಕನೆಯ ಸಲ ಆಕೆ, ಗೊತ್ತಿದ್ದ ಪದಗಳನ್ನೆಲ್ಲ ಕೂಡಿಸಿಕೊಂಡು, "ನಾವು ಮದುವೆ ಆಗುವುದಾ?" ಎಂದು ಕೇಳಿದರು.

ಇವರು ಗಾಬರಿಯಾಗಿ, ಅಭ್ಯಾಸಬಲದಿಂದ, "ನೋಡೋಣ" ಎಂದರು.

ಮುಂದಿನ ವಾರ ಆಕೆ ರಜೆ ಮಂಜೂರು ಮಾಡಿಸಿಕೊಂಡು, ವಿವಾಹ ನೋಂದಣಿಯ ಫಾರಂ ತುಂಬಿಸಿಕೊಂಡು ಬಂದೇಬಿಟ್ಟರು. ಎಂಥ ಗಟ್ಟಿಗಿತ್ತಿ ಎಂದು ನೋಡೋಣಪ್ಪನವರು ಬೆರಗಾದರು, ಸಂತೋಷವೂ ಪಟ್ಟರು, ತೋರಿಸಿದಲ್ಲೆಲ್ಲ ರುಜು ಹಾಕಿದರು.

ಮದುವೆಯಾದ ವರ್ಷವೇ ಆಕೆ ಕೇಳಿದ್ದರು. "ರೀ, ನಮ್ಮಿಬ್ಬರ ಕೆಲಸ ಮುಗಿದ ಮೇಲೆ ನಮ್ಮ ಊರಿಗೆ ಹೋಗಿ ಇರೋಣವಾ?" ಆಕೆಯ ಊರು ರೈಲಿನಲ್ಲಿ ಒಂದು ಹಗಲು ಒಂದು ರಾತ್ರಿಯ ದಾರಿ. ಅಲ್ಲಿ ಅಕ್ಕನ ಮನೆಯ ಪಕ್ಕದಲ್ಲಿ ಆಕೆಯ ಪಾಲಿನ ಎರಡು ಕೋಣೆ ಇತ್ತು. ಇವರು ನೋಡೋಣ ಎಂದರು. ಆಮೇಲೆ ವರ್ಷಕ್ಕೊಮ್ಮೆಯೋ ಎರಡು ಸಲವೋ ಆಕೆ ಕೇಳುವುದು, ಇವರು ನೋಡೋಣ ಎನ್ನುವುದು. ಮೂವತ್ತೊಂದು ವರ್ಷ ಹೀಗೇ ನಡೆಯಿತು. ಆ ವಿಷಯ ತೀರ್ಮಾನವಾಗಿಹೋಗಿದೆ ಎಂದು ಇಬ್ಬರೂ ತಿಳಿದಿದ್ದರು.

ನೋಡೋಣಪ್ಪನವರಿಗೆ ಹೋಗುವುದು ಸುತರಾಂ ಇಷ್ಟವಿರಲಿಲ್ಲ. ಆ ಊರಿಗೆ ಅವರು ಎರಡು ಸಲ ಹೋಗಿಬಂದಿದ್ದರು. ಎರಡು ಸಲವೂ ಹೆಂಡತಿಯ ಅಕ್ಕನ ಮನೆಯ ಜಗಲಿಯಲ್ಲಿ ಬಾಯಿದ್ದೂ ಮೂಗನಂತೆ ಕೂತು, ಬಂದವರಿಗೆಲ್ಲ ನಕ್ಕು ನಕ್ಕು ಕೆನ್ನೆ ನೋಯಿಸಿಕೊಂಡಿದ್ದರು. ಇಲ್ಲಾದರೆ ಹಾಲಿನವನಿಂದ ಹಿಡಿದು ಕಮಿಷನರವರೆಗೆ ಒಂದೇ ಮಾತಿನಲ್ಲಿ ಸಂಭಾಳಿಸಬಲ್ಲ ಮನುಷ್ಯ, ಅಲ್ಲಿ ನೀರು ಬೇಕು ಎನ್ನಲೂ ಹೆಂಡತಿಯ ಮುಖ ನೋಡಬೇಕು. ಸಾಯುವ ತನಕ ಹಾಗೆ ಬದುಕುವುದೆಂದರೆ ಅವರಿಗೆ ಎದೆ ಝಲ್ಲೆನ್ನುತ್ತಿತ್ತು. ಆದರೆ ಅದನ್ನು ಬಾಯಿಬಿಟ್ಟು ಹೇಳುವುದಾದರೆ ಅವರು ನೋಡೋಣಪ್ಪ ಹೇಗಾದಾರು?

ಇಬ್ಬರೂ ಒಂದೇ ವರ್ಷ ನಿವೃತ್ತರಾದರು. ಮುಂದಿನ ವಾರವೇ ನಡುಮನೆಯಲ್ಲಿ ಒಬ್ಬ ಮನೆ ಬ್ರೋಕರ್ ನಿಂತಿದ್ದ.

"ಮೇಡಂ ಫೋನ್ ಮಾಡಿದ್ರು ಸಾರ್. ಮನೆ ಮಾರೋದಿದೆಯಂತಲ್ಲ?"

ನೋಡೋಣಪ್ಪನವರು ಹೆಂಡತಿಯ ಕಡೆ ನೋಡಿದರು. ಆಕೆಯ ಮುಖ ಅರಳಿತ್ತು. "ನೋಡೋಣ," ಎಂದರು ಇವರು.

"ಹೂಂ, ಬನ್ನಿ ನೋಡಿ," ಎಂದು ಆಕೆ ಬ್ರೋಕರನನ್ನು ಅಡುಗೆಮನೆಗೆ ಕರೆದುಕೊಂಡು ಹೋದರು.

ಬ್ರೋಕರ್ ಇಲ್ಲಿಯವನೇ, ಯಜಮಾನರ ಮಾತು ಅವನಿಗೆ ಅರ್ಥವಾಗಿತ್ತು. ಆದರೂ ಮೇಡಮ್ಮಿನ ಉತ್ಸಾಹ ನೋಡಿ ಗಿರಾಕಿಗಳನ್ನು ತಂದ. ಬ್ಯಾಂಕಿನ ಗಂಡಹೆಂಡಿರು ಬಂದರು, ಕನ್ನಡಕದಂಗಡಿಯವರು ಬಂದರು. ಎರಡನೆಯ ಮಹಡಿ, ಎರಡು ಕೋಣೆ, ಎತ್ತಿ ಹಿಡಿದರೆ ಮಾತ್ರ ಕೂರುವ ಬಚ್ಚಲ ಚಿಲಕ, ಪಕ್ಕದ ಮನೆಯ ನೀರಿನ ಟ್ಯಾಂಕಿಗೆ ಮುಖ ಮಾಡಿದ ಅಡುಗೆಮನೆ ಕಿಟಕಿ, ಎಲ್ಲ ನೋಡಿ ಒಪ್ಪಿದರು. ಕೊನೆಗೆ, "ಹಾಗಾದ್ರೆ ಮಾತು ಮುಗಿಸೋಣ್ವಾ ಸಾರ್?" ಎಂದರು. ಇವರು ನೋಡೋಣ ಎಂದರು. ಅವರು ಚಪ್ಪಲಿ ಮೆಟ್ಟಿಕೊಂಡು ಇಳಿದುಹೋದರು, ಮತ್ತೆ ಬರಲಿಲ್ಲ. ಹೆಂಡತಿ ಮುಖ ಸಪ್ಪಗೆ ಮಾಡಿಕೊಂಡಾಗ ನೋಡೋಣಪ್ಪನವರೇ ಸಮಾಧಾನ ಹೇಳಿದರು. "ಕಾಲ ಕೂಡಿ ಬರ್ಬೇಕು ಬಿಡು."

ಆಮೇಲೆ ಲಿಫ್ಟ್ ಮೆಕ್ಯಾನಿಕ್ ಬಂದ.

ಮೂವತ್ತೈದರ ಆಸುಪಾಸಿನವನು. ಬೇರೆ ರಾಜ್ಯದಿಂದ ವರ್ಗವಾಗಿ ಬಂದು ಎಂಟು ತಿಂಗಳಾಗಿತ್ತು. ಮೂವತ್ತು ದಿನದಲ್ಲಿ ಭಾಷೆ ಕಲಿಸುವ ಪುಸ್ತಕವೊಂದು ಅವನ ಅಂಗಿಯ ಜೇಬಿನಿಂದ ಇಣುಕುತ್ತಿತ್ತು. ಈ ಕಟ್ಟಡದಲ್ಲಿ ಲಿಫ್ಟ್ ಇಲ್ಲ ಎಂಬುದೇ ಅವನಿಗೆ ದೊಡ್ಡ ಖುಷಿ. ಮನೆಗೆ ಬಂದ ಮೇಲೂ ಅದರ ಕಿರುಗುಟ್ಟುವಿಕೆ ಕೇಳಿಸಿಕೊಳ್ಳಬೇಕಲ್ಲ ಎಂಬ ಚಿಂತೆ ತಪ್ಪಿತು.

"ಸಾರ್, ನಿನ್ನ ಮನೆ ನನಗೆ ತುಂಬ ಖುಷಿ ಬಂತು," ಎಂದ. "ನೀನು ನನಗೆ ಕೊಡು?"

ಏಕವಚನವನ್ನು ನುಂಗಿಕೊಂಡು ನೋಡೋಣಪ್ಪನವರು, "ನೋಡೋಣ," ಎಂದರು.

ಮೆಕ್ಯಾನಿಕ್ಕಿನ ಕಣ್ಣು ಹೊಳೆಯಿತು. ಪುಸ್ತಕ ತೆಗೆದು ಒಂದು ಪುಟ ನೋಡಿ, "ನೋಡೋಣ! ನೋಡೋಣ!" ಎನ್ನುತ್ತ ಇವರ ಕೈ ಹಿಡಿದುಕೊಂಡು ಇನ್ನೊಂದು ಸಲ ಬಚ್ಚಲಿನಿಂದ ಶುರುಮಾಡಿ ಇಡೀ ಮನೆ ನೋಡಿದ. ಹೋಗುವಾಗ ಮತ್ತೆ ಕೇಳಿದ. ಇವರು ಮತ್ತೆ ಅದೇ ಅಂದರು. ಮುಂದಿನ ಭಾನುವಾರ ಅಳತೆ ಟೇಪು ಹಿಡಿದು ಹಾಜರಾದ. ಈ ಸಲ ಇವರು ಮೂವತ್ತನಾಲ್ಕು ವರ್ಷದ ಸರ್ವೀಸಿನ ಭಾರವನ್ನೆಲ್ಲ ಹಾಕಿ, ಎದುರಿನವನು ಎದೆಗುಂದಬೇಕು ಎನ್ನುವಂತೆ, "ನೋ-ಡೋ-ಣ" ಎಂದರು. ಅದರ ಮುಂದಿನ ಭಾನುವಾರ ಅವನು ತನ್ನ ಮಂಚದ ಫೋಟೋ ತಂದು ಕೋಣೆಯ ಗೋಡೆಗೆ ಹಿಡಿದು ನೋಡಿದ. ಇಂಥ ನಾಚಿಕೆಗೆಟ್ಟ ಗಿರಾಕಿಯನ್ನು ನೋಡೋಣಪ್ಪನವರು ಜನ್ಮದಲ್ಲಿ ಕಂಡಿರಲಿಲ್ಲ.

ಅಂದೇ ಅವನು ಬಚ್ಚಲ ಚಿಲಕಕ್ಕೆ ಬೆರಳು ಸಿಕ್ಕಿಸಿಕೊಂಡು ತನ್ನ ಭಾಷೆಯಲ್ಲಿ ಅಯ್ಯೋ ಎಂದದ್ದು. ಅಡುಗೆಮನೆಯಲ್ಲಿದ್ದ ಹೆಂಡತಿ ಸೌಟು ಬಿಸುಟು ಓಡಿಬಂದರು. ಅದು ಆಕೆಯ ಭಾಷೆ! ಆಮೇಲೆ ಒಂದು ಗಂಟೆ ಇಬ್ಬರೂ ಬಚ್ಚಲ ಬಾಗಿಲಲ್ಲೇ ನಿಂತು ಮಾತಾಡಿದರು. ನಮ್ಮನೆಯವಳಿಗೆ ಮಾತು ಕಡಿಮೆ ಎಂದು ನೋಡೋಣಪ್ಪನವರು ಎಲ್ಲರಿಗೂ ಹೇಳುತ್ತಿದ್ದರು. ಈಗ ಆಕೆ ಉಸಿರು ತಿರುಗಿಸಿಕೊಳ್ಳದೆ ಮಾತಾಡುತ್ತಿದ್ದರು, ಯಾರದೋ ನಡಿಗೆಯನ್ನು ಅಣಕಿಸಿ ತೋರಿಸುತ್ತಿದ್ದರು, ನಕ್ಕು ನಕ್ಕು ಬಾಗಿಲ ಚೌಕಟ್ಟು ಹಿಡಿದುಕೊಂಡಿದ್ದರು. ಈ ಹೆಂಗಸನ್ನು ನೋಡೋಣಪ್ಪನವರು ಈ ಮೊದಲು ನೋಡಿರಲಿಲ್ಲ. ಅವರಿಗೆ ಹೊಟ್ಟೆಕಿಚ್ಚಾಯಿತು. ಒಂದು ಗಂಟೆಯಲ್ಲಿ ಆ ಮೆಕ್ಯಾನಿಕ್ ನಗಿಸಿದಷ್ಟು ತಾವು ಮೂವತ್ತೊಂದು ವರ್ಷದಲ್ಲಿ ನಗಿಸಿರಲಿಲ್ಲ.

ಮಾರನೆಯ ದಿನ ಬೀದಿಯಲ್ಲಿ ಬ್ರೋಕರ್ ಸಿಕ್ಕ. "ಅವನಿಗೆ ಒಂದು ಮಾತು ಹೇಳಬಾರದೇನಯ್ಯಾ? ಎಷ್ಟು ಸಲ ಬೇಡ ಅನ್ನೋದು?" ಎಂದು ಇವರು ಗದರಿದರು.

"ನೀವೆಲ್ಲಿ ಬೇಡ ಅಂದ್ರಿ ಸಾರ್?" ಬ್ರೋಕರ್ ಬಿದ್ದು ಬಿದ್ದು ನಕ್ಕ. "ಅವನ ಪುಸ್ತಕದಲ್ಲಿ 'ನೋಡೋಣ' ಅಂದ್ರೆ 'ಬಾ, ಇಬ್ರೂ ಸೇರಿ ನೋಡೋಣ' ಅಂತಿದೆ. ನೀವು ಅಷ್ಟು ಪ್ರೀತಿಯಿಂದ ಕರೀತೀರ, ಅವನು ಬರ್ತಾನೆ. ಸಾರ್ ಥರದ ದೊಡ್ಡ ಮನುಷ್ಯರಿಲ್ಲ, ಎಷ್ಟು ಸಲ ಬಂದ್ರೂ ನೋಡೋಣ ಅಂತಾರೆ ಅಂತ ಹೊಗಳ್ತಾನೆ!"

ನೋಡೋಣಪ್ಪನವರಿಗೂ ನಗು ತಡೆಯಲಾಗಲಿಲ್ಲ. ಮನೆಗೆ ಬಂದು, ಸಂಜೆಯ ಕಾಫಿ ಕುಡಿಯುತ್ತ, ಕಣ್ಣಲ್ಲಿ ನೀರು ಬರುವಷ್ಟು ನಗುತ್ತ ಹೆಂಡತಿಗೆ ಹೇಳಿದರು. "ಪೆದ್ದ ಕಣೇ! ನೋಡೋಣ ಅಂದ್ರೆ ನಿಜವಾಗ್ಲೂ ನೋಡೋಣ ಅಂದ್ಕೊಂಡಿದಾನೆ."

ಹೆಂಡತಿ ನಗಲಿಲ್ಲ. ಲೋಟ ಕೆಳಗಿಟ್ಟರು.

"ಮತ್ತೆ, ನೋಡೋಣ ಅಂದರೆ ಏನು?"

"ಅಂದ್ರೆ... ಆಗಲ್ಲ ಅಂತ. ಮುಖ ಮುರಿದ ಹಾಗೆ ಹೇಳ್ಬಾರದಲ್ಲ, ಅದಕ್ಕೆ."

"ಆಫೀಸಿನಲ್ಲಿ ಹಾಗೆ ಅಂತ ನನಗೂ ಗೊತ್ತು," ಎಂದರು ಆಕೆ ನಿಧಾನವಾಗಿ. "ಮನೆಯಲ್ಲೂ ಅದೇ ಅರ್ಥವಾ?"

ನೋಡೋಣಪ್ಪನವರ ಬಾಯಲ್ಲಿ ಕಾಫಿ ಹಾಗೇ ನಿಂತಿತು. ಆಕೆ ಎದ್ದು ಲೋಟ ತೊಳೆದಿಟ್ಟು, ಬ್ರೋಕರನಿಗೆ ಫೋನ್ ಮಾಡಿದರು. "ಮನೆ ಮಾರುವುದಿಲ್ಲ. ಇನ್ನು ಯಾರನ್ನೂ ಕರೆದುಕೊಂಡು ಬರಬೇಡಿ."

ಬೇಕಾಗಿದ್ದದ್ದು ಸಿಕ್ಕಿಬಿಟ್ಟಿತ್ತು. ಮನೆ ಉಳಿಯಿತು. ಎರಡು ದಿನ ಹೆಂಡತಿ ಹೊತ್ತಿಗೆ ಸರಿಯಾಗಿ ಊಟ ಬಡಿಸಿದರು, ಔಷಧಿ ನೆನಪಿಸಿದರು, ಬೇರೆ ಏನೂ ಮಾತಾಡಲಿಲ್ಲ. ಮಾತಿಲ್ಲದ ಮನೆಯಲ್ಲಿ ನೋಡೋಣಪ್ಪನವರಿಗೆ ಸುತ್ತ ನೋಡುವುದಷ್ಟೇ ಕೆಲಸವಾಯಿತು. ಅಡುಗೆಮನೆಯಲ್ಲಿ ಇಟ್ಟಿಗೆಯ ಮೇಲೆ ಹಲಗೆ ಇಟ್ಟು ಮಾಡಿದ ಕಪಾಟು. ಗೋಡೆ ಕಪಾಟು ಮಾಡಿಸೋಣ ಎಂದಾಗ ಆಕೆ ಅಂದಿದ್ದರು, "ಅದನ್ನು ಹೊತ್ತುಕೊಂಡು ಹೋಗಲು ಆಗುವುದಿಲ್ಲವಲ್ಲ." ಹಾಸಿಗೆ ಕೋಣೆಯ ಕಿಟಕಿಗೆ ಪರದೆಯ ಬದಲು ಹಳೆಯ ದುಪ್ಪಟಿ. "ಅಲ್ಲಿಗೆ ಹೋದ ಮೇಲೆ ಒಳ್ಳೆಯದು ತೆಗೆದುಕೊಳ್ಳೋಣ." ಹದಿನೆಂಟು ವರ್ಷದ ಫ್ರಿಜ್ಜು, ಒಂದು ಕೈ ಮುರಿದ ಕುರ್ಚಿ. ಕೈ ಬಿಗಿಯ ಹೆಂಗಸು, ಸಂಸಾರ ತೂಗಿಸುವವಳು ಎಂದು ಇವರು ಹೆಮ್ಮೆಪಟ್ಟಿದ್ದೇ ಪಟ್ಟಿದ್ದು. ಆಕೆ ಉಳಿತಾಯ ಮಾಡುತ್ತಿರಲಿಲ್ಲ. ರೈಲು ನಿಲ್ದಾಣದಲ್ಲಿ ಕೂತವರ ಹಾಗೆ ಮೂವತ್ತೊಂದು ವರ್ಷ ಈ ಮನೆಯಲ್ಲಿ ಕೂತಿದ್ದರು. ವರ್ಷಕ್ಕೊಮ್ಮೆ ಕೇಳಿ, ರೈಲು ಬರುತ್ತದೆ ಎಂದು ಖಾತ್ರಿ ಮಾಡಿಕೊಳ್ಳುತ್ತಿದ್ದರು. ಬರುತ್ತದೆ ಎಂದು ಹೇಳುತ್ತ ಬಂದವರು ಇವರೇ.

ನೋಡೋಣಪ್ಪನವರಿಗೆ ತಮ್ಮ ಮೇಲೆಯೇ ಹೇಸಿಗೆಯಾಯಿತು. ಮೂರನೆಯ ದಿನ ಮೆಕ್ಯಾನಿಕ್ಕಿಗೆ ಅವರೇ ಫೋನ್ ಮಾಡಿದರು.

"ಮನೆ ಕೊಡ್ತೀನಿ."

ಆ ಕಡೆಯಿಂದ ಅಳುದನಿ ಬಂತು. "ಯಾಕೆ ಸಾರ್? ನೋಡೋಣ ಇಲ್ಲವಾ?"

ಅದು ಮುಗಿಯಿತು, ಇನ್ನು ಕೊಡುವುದೇ ಎಂದು ಅವನಿಗೆ ತಿಳಿಸಿ ಹೇಳುವಷ್ಟರಲ್ಲಿ ಇವರಿಗೆ ಸಾಕೋ ಸಾಕಾಯಿತು.

ಹೆಂಡತಿಗೆ ಹೇಳಿದಾಗ ಆಕೆ ಕುಣಿದಾಡಲಿಲ್ಲ, ಒಮ್ಮೆ ಕತ್ತೆತ್ತಿ ನೋಡಿ ಮತ್ತೆ ಅಕ್ಕಿ ಆರಿಸತೊಡಗಿದರು. ನೋಂದಣಿಯ ದಿನವೂ ಬಂದು ಪಕ್ಕದಲ್ಲಿ ನಿಂತರಷ್ಟೆ. ಇವರ ಮಾತನ್ನು ನಂಬುವ ಅಭ್ಯಾಸ ಆಕೆಗೆ ತಪ್ಪಿಹೋಗಿತ್ತು. ನೋಂದಣಿ ಅಧಿಕಾರಿ ಕಾಗದದಿಂದ ತಲೆಯೆತ್ತದೆ, ದಿನಕ್ಕೆ ನಲವತ್ತು ಸಲ ಕೇಳುವ ಪ್ರಶ್ನೆ ಕೇಳಿದರು. "ಯಾರ ಒತ್ತಾಯನೂ ಇಲ್ದೆ, ನೀವೇ ಒಪ್ಪಿ ಮಾರ್ತಿದೀರಾ?"

ಹಳೆಯ ಮಾತು ನೋಡೋಣಪ್ಪನವರ ನಾಲಿಗೆಯ ತುದಿಗೆ ಬಂದು ನಿಂತಿತು. ಇಂಥ ಮೇಜಿನ ಮುಂದೆ ಅದನ್ನು ಆಡಿದರೆ ಏನಾಗುತ್ತದೆಂದು ಅವರಷ್ಟು ಬಲ್ಲವರು ಯಾರು? ಕಾಗದ ರಾಶಿಯ ಅಡಿಗೆ ಹೋಗುತ್ತದೆ, ಮನೆ ಉಳಿಯುತ್ತದೆ, ಯಾರೂ ಬಯ್ಯುವುದಿಲ್ಲ. ಹೆಂಡತಿ ಆಗಲೇ ಕೈಚೀಲದ ಹಿಡಿ ಸರಿಪಡಿಸಿಕೊಂಡು ಬಾಗಿಲ ಕಡೆ ತಿರುಗಿದ್ದರು.

"ಹೂಂ," ಎಂದರು ನೋಡೋಣಪ್ಪನವರು. ಸಾಲದೆಂದು ಮತ್ತೆ ಹೇಳಿದರು. "ನಾನೇ ಒಪ್ಪಿ ಮಾರ್ತಾ ಇದೀನಿ."

ಅಧಿಕಾರಿ ಹೆಬ್ಬೆಟ್ಟು ಒತ್ತಿಸಿಕೊಂಡು ಮುಂದಿನವರನ್ನು ಕರೆದರು. ಹೆಂಡತಿ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡರು, ಕನ್ನಡಕಕ್ಕಿಂತ ಕಣ್ಣನ್ನೇ ಹೆಚ್ಚು ಒರೆಸಿದರು.

ಕ್ರಯಪತ್ರದ ಪ್ರತಿ ಸಿಗಲು ಒಂದು ಗಂಟೆ ಬೇಕೆಂದರು. ಇಬ್ಬರೂ ಹೊರಗಿನ ಬೆಂಚಿನ ಮೇಲೆ ಕೂತರು. ಎದುರು ಬೆಂಚಿನಲ್ಲಿ ಮೆಕ್ಯಾನಿಕ್ ಶಾಯಿಯ ಹೆಬ್ಬೆರಳನ್ನು ಗಾಳಿಗೆ ಹಿಡಿದುಕೊಂಡು ಕೂತಿದ್ದ. ನೋಡೋಣಪ್ಪನವರು ತಮ್ಮ ಹೆಬ್ಬೆರಳಿನ ಶಾಯಿಯನ್ನು ಕರವಸ್ತ್ರಕ್ಕೆ ಉಜ್ಜುತ್ತಿದ್ದರು.

"ನಿಮ್ಮ ಭಾಷೇಲಿ," ಎಂದರು, ಹೆಂಡತಿಯ ಕಡೆ ನೋಡದೆ, "ನಂಗೆ ಹೆದರಿಕೆ ಆಗ್ತಿದೆ ಅನ್ನೋದಕ್ಕೆ ಏನಂತಾರೆ?"

"ನಿಮಗೆ ಹೆದರಿಕೆಯಾ? ಯಾಕೆ?"

"ಅಲ್ಲಿ ನಾನು ಯಾರ ಹತ್ರ ಏನು ಮಾತಾಡ್ಲಿ ಹೇಳು."

ಆಕೆ ಅವರ ಮಂಡಿಯ ಮೇಲೆ ಕೈಯಿಟ್ಟು ಹೇಳಿಕೊಟ್ಟರು. ಮೂರೇ ಪದ. ಇವರು ಹೇಳಿದರು, ಆಕೆ ತಿದ್ದಿದರು. ಮತ್ತೆ ಹೇಳಿದರು, ನಡುವಿನ ಪದ ಎಡವಿತು, ಮತ್ತೆ ತಿದ್ದಿದರು. ನಾಲ್ಕನೆಯ ಸಲ ಧೈರ್ಯ ಬಂದು ಸ್ವಲ್ಪ ಗಟ್ಟಿಯಾಗಿಯೇ ಹೇಳಿದರು.

ಎದುರು ಬೆಂಚಿನಿಂದ ಮೆಕ್ಯಾನಿಕ್ ತಟಕ್ಕನೆ ಎದ್ದು ಬಂದ. ಇವರ ಮುಂದೆ ಕುಕ್ಕರುಗಾಲಲ್ಲಿ ಕೂತು, ಕೈ ಹಿಡಿದುಕೊಂಡು, ಕಕ್ಕುಲಾತಿಯಿಂದ ತನ್ನ ಭಾಷೆಯಲ್ಲಿ ಏನೋ ಕೇಳಿದ. ನೋಡೋಣಪ್ಪನವರು ಹೆಂಡತಿಯ ಮುಖ ನೋಡಿದರು.

"ಏನಾಯಿತು, ಯಾಕೆ ಹೆದರಿಕೆ ಅಂತ ಕೇಳುತ್ತಾ ಇದ್ದಾನೆ," ಎಂದರು ಆಕೆ.

ಆ ಭಾಷೆಯಲ್ಲಿ ನೋಡೋಣಪ್ಪನವರಿಗೆ ಬರುತ್ತಿದ್ದದ್ದು ಒಂದೇ ವಾಕ್ಯ. ಅದನ್ನೇ ಇನ್ನೊಂದು ಸಲ ಹೇಳಿದರು.