ಹುಂಜ ಹೋದ ಮೇಲಿನ ಒಂಬತ್ತು ಮೊಟ್ಟೆ

ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಹೇಳಿಕೊಟ್ಟ ನಾನು ಅರವತ್ತೊಂದನೆಯ ವಯಸ್ಸಿನವರೆಗೆ ಒಂದು ಕೋಳಿಮೊಟ್ಟೆಯನ್ನೂ ಕೈಯಲ್ಲಿ ಹಿಡಿದಿರಲಿಲ್ಲ. ನಿವೃತ್ತಿಯಾಗಿದೆ, ಇನ್ನು ಹೇಳಿಕೊಂಡರೆ ತೊಂದರೆಯಿಲ್ಲ. ನಮ್ಮದು ಮೊಟ್ಟೆ ಹೊಸ್ತಿಲು ದಾಟದ ಮನೆ. ಆದರೆ ಕಪ್ಪುಹಲಗೆಯ ಮೇಲೆ ನನ್ನಷ್ಟು ಚೆಂದದ ಮೊಟ್ಟೆ ಬರೆಯುವವರು ರಾಜಾಜಿನಗರದ ನಮ್ಮ ಶಾಲೆಯಲ್ಲಿ ಇನ್ನೊಬ್ಬರಿರಲಿಲ್ಲ. ಚಿಪ್ಪಿಗೆ ಬಿಳಿ ಸೀಮೆಸುಣ್ಣ, ಒಳಗೆ ಹಳದಿಯದು, ಆ ಹಳದಿಯ ಮೇಲೊಂದು ಪುಟ್ಟ ಚುಕ್ಕೆ. ಬೆತ್ತದ ತುದಿಯನ್ನು ಚುಕ್ಕೆಗೆ ತಾಗಿಸಿ, ಮರಿ ಆಗುವುದು ಇಲ್ಲಿಂದ ಎನ್ನುತ್ತಿದ್ದೆ. ಹಿಂದಿನ ಬೆಂಚಿನವರು ಕಿಸಕ್ಕನೆ ನಗುತ್ತಿದ್ದರು. ಮನೆಯಲ್ಲಿ ಕೋಳಿ ಸಾಕಿದ್ದ ಆ ಮಕ್ಕಳು ಯಾಕೆ ನಗುತ್ತಿದ್ದರೆಂದು ನನಗೆ ಹೊಳೆದದ್ದು ಕಳೆದ ವರ್ಷ.

ಹೊಳೆಯುವಂತೆ ಮಾಡಿದವಳು ಶರಣವ್ವ. ಹೆಗ್ಗನಹಳ್ಳಿಯಲ್ಲಿರುವ ನಮ್ಮ ಮನೆಯ ಮಹಡಿ ಕೋಣೆಗೆ ಬಾಡಿಗೆಗೆ ಬಂದವಳು. ಗದಗದ ಕಡೆಯವಳು, ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಕೆಲಸ. ಒಮ್ಮೆ ಊರಿಗೆ ಹೋದವಳು ಬರುವಾಗ ಒಂದು ಹೇಂಟೆ, ಒಂದು ಹುಂಜ ತಂದಳು. ಬಸ್ಸಿನಲ್ಲಿ ಆ ಹೇಂಟೆಯನ್ನು ಮಗುವಿನಂತೆ ಮಡಿಲಲ್ಲಿಟ್ಟುಕೊಂಡು ಬಂದಳಂತೆ. ಮೆಟ್ಟಿಲ ಕೆಳಗೆ ಹೇಗೂ ಜಾಗ ಖಾಲಿ ಇತ್ತು, ಇರಲಿ ಬಿಡು ಎಂದೆ.

ಹುಂಜ ಬೆಳಗಿನ ಜಾವಕ್ಕೆ ಸರಿಯಾಗಿ ನಮ್ಮ ಯಜಮಾನರ ಕಿವಿಯ ನೇರಕ್ಕೆ ನಿಂತು ಕೂಗುತ್ತಿತ್ತು. ಅವರು ನನ್ನ ಮೇಲೆ ರೇಗಿದರು. ನಾನು ಶರಣವ್ವನಿಗೆ ನೋವಾಗದಂತೆ ಹೇಳಬೇಕೆಂದುಕೊಂಡು ಹೋಗಿ, ನಿನ್ನ ಹುಂಜದ ಗಂಟಲು ಬಹಳ ಚೆನ್ನಾಗಿದೆ ಎಂದು ಹೇಳಿ ಬಂದೆ. ಎರಡು ವಾರದ ಮೇಲೆ ಒಂದು ಭಾನುವಾರ ಮಹಡಿಯಿಂದ ಮಸಾಲೆಯ ಘಮ ಇಳಿದು ಬಂತು. ಸೋಮವಾರ ಬೆಳಿಗ್ಗೆ ಕೂಗಿಲ್ಲ. ಯಜಮಾನರು ಏಳೂವರೆವರೆಗೆ ಮಲಗಿದರು. ಎದ್ದವರು ಕಾಫಿ ಮಾತ್ರ ಅರ್ಧಕ್ಕೇ ಬಿಟ್ಟರು. ಒಂದು ಜೀವ ತೆಗೆಸಿದೆವಲ್ಲ ಎಂಬ ಅಳುಕು ಇಬ್ಬರಿಗೂ ಇತ್ತು.

ಅದಾಗಿ ಹತ್ತು ದಿನಕ್ಕೆ ಹೇಂಟೆ ಒಂಬತ್ತು ಮೊಟ್ಟೆ ಒಟ್ಟು ಮಾಡಿಕೊಂಡು ಕಾವಿಗೆ ಕೂತುಬಿಟ್ಟಿತು. ಹತ್ತಿರ ಹೋದರೆ ಗರಿ ಕೆದರಿ ಗುರುಗುಟ್ಟುತ್ತಿತ್ತು. ಕೆಲಸಕ್ಕೆ ಹೊರಟ ಶರಣವ್ವ ನಮ್ಮ ಬಾಗಿಲಲ್ಲಿ ನಿಂತಳು.

“ಟೀಚರ್, ಇವು ಮರಿ ಆಗ್ತಾವೇನ್ರಿ? ಆಗಂಗಿಲ್ಲಂದ್ರ ಮೂರು ವಾರ ಸುಮ್ನ ಕುಂತು ಸೊರಗ್ತೈತ್ರಿ ಅದು. ಮೊಟ್ಟಿ ತಗದು ಎಬ್ಬಿಸಿಬಿಡ್ತೀನಿ.”

ಮರಿ ನೋಡುವ ಆಸೆ ಅವಳ ಮುಖದಲ್ಲೇ ಇತ್ತು. ಆದರೆ ನನ್ನೊಳಗಿನ ಮೇಡಂ ಎದ್ದು ನಿಂತಾಗಿತ್ತು. ಹುಂಜವೇ ಇಲ್ಲದ ಮೇಲೆ ಮರಿ ಎಲ್ಲಿಂದ ಬರಬೇಕು ಎಂದೆ. ಹುಂಜ ಹೋದರೂ ಹದಿನೈದು ದಿನ ಅದರ ಗುಣ ಹೇಂಟೆಯಲ್ಲಿ ಇರುತ್ತದೆಂದು ಅವಳ ಅಜ್ಜಿ ಹೇಳುತ್ತಿದ್ದಳಂತೆ. ಪಾಪ ಎಂಬಂತೆ ನಕ್ಕೆ. ನೀವು ಹೇಳಿದ ಮೇಲೆ ಮುಗಿಯಿತು, ಸಂಜೆ ಬಂದು ತೆಗೆಯುತ್ತೇನೆಂದು ಅವಳು ಹೊರಟುಹೋದಳು.

ಮಧ್ಯಾಹ್ನ ಮಲಗಿದರೆ ನಿದ್ದೆ ಬರಲಿಲ್ಲ. ಮೊಬೈಲಿನಲ್ಲಿ ಹುಡುಕಿದೆ. ಅಜ್ಜಿ ಹೇಳಿದ್ದು ಅಕ್ಷರಶಃ ನಿಜ! ಹುಂಜದ ಬೀಜವನ್ನು ಹೇಂಟೆ ತನ್ನೊಳಗೇ ಕಾಪಿಟ್ಟುಕೊಂಡು ಎರಡು ವಾರ, ಒಮ್ಮೊಮ್ಮೆ ಇನ್ನೂ ಹೆಚ್ಚು ದಿನ, ಇಡುವ ಮೊಟ್ಟೆಗಳಿಗೆಲ್ಲ ಹಂಚುತ್ತದಂತೆ. ವಿಧವೆ ಕೋಳಿಯ ವಿಚಾರ ನಮ್ಮ ಪಠ್ಯದಲ್ಲಿ ಇರಲೇ ಇಲ್ಲ.

ಮೊಟ್ಟೆಯಲ್ಲಿ ಜೀವವಿದೆಯೋ ಇಲ್ಲವೋ ಎಂದು ನೋಡಲು ಖಚಿತವಾದ ಉಪಾಯ ಒಡೆದು ನೋಡುವುದು. ಹಳದಿಯ ಮೇಲೆ ಬರೀ ಬಿಳಿ ಚುಕ್ಕೆ ಇದ್ದರೆ ಬರಡು, ಚುಕ್ಕೆಯ ಸುತ್ತ ಬಳೆಯಂಥ ಗೆರೆ ಇದ್ದರೆ ಫಲ. ಹಲಗೆಯ ಮೇಲೆ ಇಷ್ಟು ವರ್ಷ ನಾನು ಬರಡು ಮೊಟ್ಟೆ ಬರೆದು ಅದರಿಂದ ಮರಿ ಮಾಡಿಸುತ್ತಿದ್ದೆ, ಹಿಂದಿನ ಬೆಂಚಿನವರು ನಕ್ಕದ್ದು ಅದಕ್ಕೇ. ಉತ್ತರವೇನೋ ಸಿಗುತ್ತದೆ, ಮರಿ ಆಗಬೇಕಾದ ಮೊಟ್ಟೆ ಮಾತ್ರ ಬಾಣಲೆಗೆ ಹೋಗುತ್ತದೆ. ಒಡೆಯದೆ ತಿಳಿಯಬೇಕೆಂದರೆ ಒಂದು ವಾರ ಕಾವು ಕೊಡಿಸಿ, ಕತ್ತಲಲ್ಲಿ ಬೆಳಕು ಹಾಯಿಸಿ ನೋಡಬೇಕು. ಅಂದರೆ ಮೊದಲು ಕೋಳಿಯನ್ನು ನಂಬಬೇಕು, ಪರೀಕ್ಷೆ ಆಮೇಲೆ.

ಸಂಜೆ ಐದೂವರೆಗೇ ಗೇಟಿನಲ್ಲಿ ನಿಂತೆ. ಶರಣವ್ವ ಬಂದಳು. “ನಾನು ಹೇಳಿದ್ದು ತಪ್ಪು ಕಣಮ್ಮ, ಮೊಟ್ಟೆ ತೆಗೀಬೇಡ” ಎಂದೆ. ಈ ಮಾತನ್ನು ಯಾವ ತರಗತಿಯಲ್ಲೂ ಆಡಿದವಳಲ್ಲ. ಅವಳೇನೂ ಬೆರಗಾಗಲಿಲ್ಲ. ಹೇಗೂ ಬಾಯಿ ತೆರೆದಾಗಿತ್ತು, ಹುಂಜದ ವಿಷಯವನ್ನೂ ಎತ್ತಿದೆ. ನಮ್ಮಿಂದಾಗಿ ಅದನ್ನು ಕೊಯ್ಯಬೇಕಾಯಿತಲ್ಲ ಎಂದು ತೊದಲಿದೆ.

“ಅಯ್ಯ, ಇಲ್ರಿ. ನಮ್ಮ ತಮ್ಮ ಬಂದಿದ್ದ, ಅದಕ್ಕ ಮಾಡಿದ್ವಿ. ಮೊದ್ಲ ಕೊಯ್ಯಾಕಿದ್ದೆ. ಗಂಟಲ ಛಲೋ ಐತಿ ಅಂತ ನೀವು ಅಂದದ್ದಕ್ಕ ಮತ್ತೆರಡು ವಾರ ಇಟ್ಕೊಂಡಿದ್ದೆ.”

ಇದನ್ನು ಯಜಮಾನರಿಗೆ ತಿಳಿಸಿದೆ. ಕೊಂದ ಪಾಪ ಹೋಯಿತೆಂದು ಸಮಾಧಾನಪಡಬೇಕೋ, ಎರಡು ವಾರದ ನಿದ್ದೆ ನನ್ನ ನಯವಾದ ಮಾತಿನಿಂದಲೇ ಹಾಳಾಯಿತೆಂದು ಸಿಟ್ಟಾಗಬೇಕೋ ತಿಳಿಯದೆ ಅವರು ಪೇಪರು ಬಿಡಿಸಿಕೊಂಡರು. ಮಾರನೆಯ ದಿನದಿಂದ ಕೋಳಿಗೆ ನುಚ್ಚು ಹಾಕುವ ಕೆಲಸ ಮಾತ್ರ ಅವರದೇ ಆಯಿತು.

ಎಂಟನೆಯ ದಿನ ಪರೀಕ್ಷೆ. ನಮ್ಮ ಮನೆಯಲ್ಲಿ ಹಗಲಲ್ಲೂ ಕತ್ತಲಿರುವ ಜಾಗ ಬಚ್ಚಲುಮನೆ ಒಂದೇ. ಮೊಟ್ಟೆ ಹಿತ್ತಲ ಬಾಗಿಲಿಂದ ಬರಲಿ, ದೇವರಮನೆ ಮುಂದೆ ಬೇಡ ಎಂದು ಯಜಮಾನರು ಅಪ್ಪಣೆ ಕೊಟ್ಟರು. ಹೇಂಟೆ ನುಚ್ಚು ತಿನ್ನಲು ಎದ್ದ ಹೊತ್ತಿಗೆ ಶರಣವ್ವ ಮೊಟ್ಟೆಗಳನ್ನು ಸೆರಗಿನಲ್ಲಿ ತಂದಳು. ಟೂತ್‌ಪೇಸ್ಟ್ ಡಬ್ಬಿಯ ರಟ್ಟಿಗೆ ತೂತು ಕೊರೆದು, ಹಿಂದೆ ಮೊಬೈಲಿನ ಟಾರ್ಚ್ ಹಿಡಿದು, ಮೊದಲ ಮೊಟ್ಟೆಗೆ ಕೈ ಚಾಚಿದೆ. ಮೊಟ್ಟೆ ಬೆಚ್ಚಗಿತ್ತು, ಜ್ವರ ಬಂದ ಮಗುವಿನ ಹಣೆಯ ಹಾಗೆ. ಮೂವತ್ತೊಂದು ವರ್ಷ ಬಿಡಿಸಿದ ಚಿತ್ರಕ್ಕೆ ಬಿಸಿ ಇರಲಿಲ್ಲ.

ತೂತಿನ ಮೇಲಿಟ್ಟೆ. ಮೊಟ್ಟೆ ಕೆಂಪಗೆ ಬೆಳಗಿತು. ನಡುವೆ ಜೇಡದ ಕಾಲುಗಳಂತೆ ಸಣ್ಣ ಸಣ್ಣ ರಕ್ತನಾಳಗಳು, ಅವು ಕೂಡುವಲ್ಲಿ ಒಂದು ಕಪ್ಪು ಚುಕ್ಕೆ. ಅದು ಅಲುಗಿತು. ವಿವರಿಸಲು ಬಾಯಿ ತೆರೆದವಳಿಗೆ ಒಂದು ಪಾರಿಭಾಷಿಕ ಪದವೂ ನೆನಪಾಗಲಿಲ್ಲ. ಅಭ್ಯಾಸಬಲ, ಪೆನ್ಸಿಲಿನಿಂದ ಚಿಪ್ಪಿನ ಮೇಲೆ ಸರಿ ಗುರುತು ಹಾಕಿದೆ. ಒಂಬತ್ತರಲ್ಲಿ ಆರಕ್ಕೆ ಸರಿ ಬಿತ್ತು. ಮೂರರಲ್ಲಿ ಬರೀ ಬೆಳಕು, ಅವಕ್ಕೆ ತಪ್ಪು. ಹೊರಗೆ ನಿಂತಿದ್ದ ಯಜಮಾನರು ಫಲಿತಾಂಶ ಏನಾಯಿತು ಎಂದು ಬಾಗಿಲು ತಟ್ಟಿದರು. ತಪ್ಪಿನ ಮೂರನ್ನು ಶರಣವ್ವ ಕರಿಬೇವಿನ ಗಿಡದ ಬುಡದಲ್ಲಿ ಹೂತಳು.

ಇಪ್ಪತ್ತೊಂದನೆಯ ದಿನ ಮೆಟ್ಟಿಲ ಕೆಳಗಿನಿಂದ ಚಿಂವ್ ಚಿಂವ್ ಕೇಳಿತು. ಸಂಜೆಗೆ ಐದು ಮರಿ. ಆರನೆಯ ಮೊಟ್ಟೆ ಮಾತ್ರ ಮೌನವಾಗಿಯೇ ಇತ್ತು. ಎರಡು ದಿನ ಕಾದು ಹೇಂಟೆಯೂ ಅದನ್ನು ಬಿಟ್ಟು ಎದ್ದಿತು. ಅದರ ಮೇಲೆ ನನ್ನ ಸರಿ ಗುರುತು ಹಾಗೇ ಇತ್ತು. ಅದನ್ನು ಹಿಡಿದುಕೊಂಡು, ಇದು ಖಂಡಿತ ಆಗಬೇಕಿತ್ತು, ನಾನೇ ಕಣ್ಣಾರೆ ನೋಡಿದ್ದೆ ಎಂದು ಶರಣವ್ವನ ಮುಂದೆ ವಾದಿಸಿದೆ.

ಅವಳು ಮರಿಗಳನ್ನು ಬುಟ್ಟಿಯೊಳಗೆ ಸೇರಿಸುತ್ತ, ತಲೆ ಎತ್ತದೆ ಹೇಳಿದಳು:

“ಆರರಾಗ ಐದು ಬಂದಾವಲ್ರಿ ಟೀಚರ್. ಪಾಸಾದ್ರಿ ಬಿಡ್ರಿ.”

ನಾನು ಯಾರಿಗೂ ಅಷ್ಟು ಧಾರಾಳವಾಗಿ ಅಂಕ ಕೊಟ್ಟ ನೆನಪಿಲ್ಲ. ಮರುಮೌಲ್ಯಮಾಪನ ಕೇಳದೆ ಒಳಗೆ ಬಂದೆ.