ಪರ್ಮಿಟ್ ಇಲ್ಲದೆ ಕಟ್ಟಿದ ಗೋಪುರ

ನಾನು ಅಮೆರಿಕದ ಬ್ಯಾಂಕೊಂದರ ಐಟಿ ವಿಭಾಗದಲ್ಲಿ ಪ್ರಾಜೆಕ್ಟ್ ಮ್ಯಾನೇಜರು. ಐದು ಗಂಟೆಗೆ ಮುಗಿಯಬೇಕಾದ ಕೆಲಸ ಐದೂಕಾಲಕ್ಕೆ ಮುಗಿದರೂ ನನಗೆ ಮೈಯೆಲ್ಲ ಉರಿಯುತ್ತದೆ. ಇಂಥವಳ ಹೊಟ್ಟೆಯಲ್ಲಿ ಹುಟ್ಟಿದ ಮಗಳು, ಏಳನೇ ಕ್ಲಾಸಿನ ಪ್ರಾಜೆಕ್ಟಿಗೆ ಜಗತ್ತಿನ ಕಟ್ಟಡಗಳನ್ನೆಲ್ಲ ಬಿಟ್ಟು ಬಾರ್ಸಿಲೋನಾದ ಆ ಮುಗಿಯದ ಚರ್ಚನ್ನೇ ಆರಿಸಿಕೊಂಡಳು. ನನ್ನನ್ನು ಉರಿಸಲಿಕ್ಕೇ ಇರಬೇಕು ಎಂದುಕೊಂಡೆ.

ಹಾಗೆ ಅಂದುಕೊಳ್ಳಲು ಕಾರಣವಿತ್ತು. ಐದು ವರ್ಷ ಭರತನಾಟ್ಯ ಕಲಿತವಳು, ಕೋವಿಡ್ ಕಾಲದಲ್ಲಿ ಕ್ಲಾಸು ಜೂಮಿಗೆ ಬಂದಾಗ, "ನಂಗೆ ಸಾಕು ಅಮ್ಮಾ" ಎಂದು ಗೆಜ್ಜೆ ಎತ್ತಿಟ್ಟುಬಿಟ್ಟಳು. ರಂಗಪ್ರವೇಶಕ್ಕೆ ಒಂದೇ ವರ್ಷ ಬಾಕಿ ಇತ್ತು! "ನೀನು ಯಾವುದನ್ನೂ ಪೂರ್ತಿ ಮಾಡಲ್ಲ" ಎಂದು ನಾನು ದಿನಕ್ಕೊಂದು ಸಲವಾದರೂ ಹೇಳುತ್ತಿದ್ದೆ. ಸಾಲದ್ದಕ್ಕೆ, ಅವಳಿಗೆ ಗೊತ್ತಿಲ್ಲದ ಹಾಗೆ ಡ್ಯಾನ್ಸ್ ಟೀಚರಿಗೆ ಫೋನ್ ಮಾಡಿ, "ಜೂನ್‌ನಲ್ಲಿ ರಂಗಪ್ರವೇಶ ಇಟ್ಕೊಳ್ಳೋಣ, ಹಾಲ್ ನೋಡಿ, ಅವಳನ್ನ ನಾನು ಒಪ್ಪಿಸ್ತೀನಿ" ಎಂದೂ ಹೇಳಿಯಾಗಿತ್ತು.

ಚರ್ಚಿನ ಪುರಾಣ ನಮ್ಮ ಊಟದ ಟೇಬಲ್ಲಿನ ಮೇಲೆ ವಾರಗಟ್ಟಲೆ ನಡೆಯಿತು. ಕಟ್ಟಲು ಶುರುಮಾಡಿ ನೂರಮೂವತ್ತು ವರ್ಷಗಳ ಮೇಲಾಯಿತಂತೆ. ಮೊದಲ ಆರ್ಕಿಟೆಕ್ಟ್ ಜಗಳವಾಡಿ ಬಿಟ್ಟುಹೋದನಂತೆ. ಎರಡನೆಯವನು ನಲವತ್ತು ವರ್ಷ ಅದರಲ್ಲೇ ಮುಳುಗಿ, ಕೊನೆಗೊಂದು ದಿನ ಟ್ರಾಮಿಗೆ ಸಿಕ್ಕಾಗ, ಅವನ ಹರಕು ಬಟ್ಟೆ ನೋಡಿ ಜನ ಭಿಕ್ಷುಕ ಅಂದುಕೊಂಡರಂತೆ. ಆಮೇಲೆ ಅಂತರ್ಯುದ್ಧದ ಗಲಾಟೆಯಲ್ಲಿ ನಕ್ಷೆಗಳು ಸುಟ್ಟು, ಮಾದರಿಗಳು ಪುಡಿಯಾಗಿ, ಚೂರುಗಳನ್ನು ಜೋಡಿಸಿಕೊಂಡು ಮತ್ತೆ ಕಟ್ಟಿದರಂತೆ.

"ಯಾಕೆ ಇಷ್ಟು ಲೇಟು ಅಂತ ಕೇಳಿದ್ರೆ, ಆ ಸೆಕೆಂಡ್ ಆರ್ಕಿಟೆಕ್ಟು, ನನ್ನ ಓನರ್‌ಗೆ ಅರ್ಜೆಂಟ್ ಇಲ್ಲ ಅಂತಿದ್ನಂತೆ. ಓನರ್ ಮೀನ್ಸ್ ಗಾಡ್" ಎಂದಳು ಮಗಳು.

ಅಂಥ ಕ್ಲೈಂಟ್ ನನಗೊಬ್ಬ ಸಿಗಬಾರದೇ ಎಂದು ನಾನು ನಿಟ್ಟುಸಿರು ಬಿಟ್ಟೆ.

"ಆಂಡ್ ಅಪ್ಪಾ, ಅವ್ರ ಹತ್ರ ಬಿಲ್ಡಿಂಗ್ ಪರ್ಮಿಟ್ಟೇ ಇರ್ಲಿಲ್ಲ! ಶುರು ಮಾಡ್ದಾಗ ಅಪ್ಲೈ ಮಾಡಿದ್ರು, ಬಟ್ ನೋ ಆನ್ಸರ್. ಟ್ವೆಂಟಿ ನೈಂಟೀನ್‌ನಲ್ಲಿ ಸಿಕ್ತು."

"ನಮ್ಮ ಗ್ರೀನ್ ಕಾರ್ಡ್ ಥರ" ಎಂದರು ನನ್ನ ಗಂಡ, ಹಪ್ಪಳ ಮುರಿಯುತ್ತ. "ನಮಗೆ ಮನೆ ಹಿಂದ್ಗಡೆ ಮರದ ಡೆಕ್ ಹಾಕಕ್ಕೆ ಎಷ್ಟು ಓಡಾಡ್ಸಿದ್ರು!"

ಸೋಮವಾರ ಸಂಜೆ ಶಾಲೆಯಲ್ಲಿ ಪ್ರದರ್ಶನ. ಭಾನುವಾರ ಅಪ್ಪ, ಮಗಳು ಸಾಕರ್ ಆಡಲು ಹೋದ ಮೇಲೆ, ಎಷ್ಟು ಮುಗಿದಿದೆ ನೋಡೋಣ ಎಂದು ಅವಳ ರೂಮಿಗೆ ಹೋದೆ. ಎಂಥ ಮುಗಿಯುವುದು, ಮಣ್ಣು! ಮಗ್ಗುಲಿಗೆ ಮಲಗಿಸಿದ ದೊಡ್ಡ ರಟ್ಟಿನ ಡಬ್ಬದೊಳಗೆ, ಮೇಲಿನಿಂದ ದಾರಗಳು ಜೋಲುಬಿದ್ದಿದ್ದವು. ಕೆಳಗೆ, ನಾನು ಮೂರು ದಿನದಿಂದ ಹುಡುಕುತ್ತಿದ್ದ ಬಾತ್‌ರೂಮಿನ ಕನ್ನಡಿ. ದಾರಗಳ ತುಂಬ ಪುಟ್ಟ ಪುಟ್ಟ ಗೆಜ್ಜೆಗಳು! ಪೂಜೆ ಮಾಡಿಸಿ ಗುರುಗಳ ಕೈಯಿಂದ ಇಸಿದುಕೊಂಡ ಗೆಜ್ಜೆಯನ್ನು ಹೊಲಿಗೆ ಬಿಚ್ಚಿ ಒಂದೊಂದಾಗಿ ಕಿತ್ತು ಕಟ್ಟಿದ್ದಳು. ಅಯ್ಯೋ ಶಿವನೇ, ನನಗೆ ಕಣ್ಣು ಕತ್ತಲೆ ಬಂತು. ಕತ್ತರಿ ತಂದು ಅಷ್ಟೂ ದಾರ ಕತ್ತರಿಸಿ, ಗೆಜ್ಜೆಗಳನ್ನು ಸ್ಟೀಲ್ ಡಬ್ಬಿಗೆ ಹಾಕಿ ದೇವರ ಮುಂದಿಟ್ಟೆ. ಕನ್ನಡಿಯನ್ನು ಬಾತ್‌ರೂಮಿಗೆ ಸಾಗಿಸಿದೆ.

ಈಗ ಪ್ರಾಜೆಕ್ಟಿನ ಗತಿ? ನಾನಿಲ್ಲವೇ! ಮೈಸೂರಿನಲ್ಲಿ ನಾನು ಓದುವಾಗ ಪ್ರಾಜೆಕ್ಟ್ ಎಂದರೆ ಅಪ್ಪ ಅಮ್ಮಂದಿರ ಕೆಲಸ. ನಮ್ಮಪ್ಪ ಆಫೀಸಿಗೆ ರಜೆ ಹಾಕಿ ಥರ್ಮೋಕೋಲಿನಲ್ಲಿ ಕಟ್ಟಿಕೊಟ್ಟ ಗೋಳಗುಮ್ಮಟಕ್ಕೆ ನನಗೆ ಫಸ್ಟ್ ಪ್ರೈಜು ಬಂದಿತ್ತು. ಅದೇ ರಕ್ತ ನನ್ನದೂ. ಕ್ರಾಫ್ಟ್ ಅಂಗಡಿಗೆ ಓಡಿ ಥರ್ಮೋಕೋಲ್ ತಂದೆ. ಇಂಟರ್ನೆಟ್ಟಿನಲ್ಲಿ ಚಿತ್ರ ನೋಡಿಕೊಂಡು ಹದಿನೆಂಟು ಗೋಪುರಗಳನ್ನೂ ನಿಲ್ಲಿಸಿ, ಚಿನ್ನದ ಬಣ್ಣ ಬಳಿದು, ನೆತ್ತಿಯ ಮೇಲೊಂದು ಶಿಲುಬೆ ಸಿಕ್ಕಿಸಿದೆ. ಒಂದು ಶತಮಾನ ದಾಟಿದರೂ ಅವರ ಕೈಯಲ್ಲಿ ಆಗದ್ದನ್ನು ನಾನು ನಾಲ್ಕು ಗಂಟೆಯಲ್ಲಿ ಮುಗಿಸಿದ್ದೆ. ದೃಷ್ಟಿಯಾಗದಿರಲೆಂದು ಹಿಂಬದಿಗೆ ಕಾಡಿಗೆಯ ಬೊಟ್ಟನ್ನೂ ಇಟ್ಟೆ.

ಮಗಳು ಬಂದು ನೋಡಿದಳು.

"ಗೆಜ್ಜೆ ಎಲ್ಲಿ ಅಮ್ಮಾ?" ಎಂದಳು. ದೇವರ ಮುಂದಿದೆ ಎಂದೆ. ಡಬ್ಬಿ ತೆಗೆದುಕೊಂಡು ಅಪ್ಪನನ್ನು ಕರೆದು ಬಾಗಿಲು ಹಾಕಿಕೊಂಡಳು. ಮುನಿಸು, ಇಳಿಯುತ್ತದೆ ಬಿಡು ಎಂದು ನಾನು ಚಪಾತಿ ಹಿಟ್ಟು ಕಲಸಿದೆ.

ಸೋಮವಾರ ರೇಷ್ಮೆ ಕುರ್ತಾ ಹಾಕಿಕೊಂಡು, ಅದಕ್ಕೊಪ್ಪುವ ಮಾಸ್ಕ್ ಧರಿಸಿ ಶಾಲೆಗೆ ಹೋದೆ. ನನ್ನ ಚರ್ಚು ದೂರದಿಂದಲೇ ಥಳಥಳ ಹೊಳೆಯುತ್ತಿತ್ತು. ಅದರ ಪಕ್ಕದಲ್ಲಿ ಅದೇ ರಟ್ಟಿನ ಡಬ್ಬ. ಅರ್ಧದಷ್ಟು ದಾರಗಳು ಮತ್ತೆ ಜೋತಾಡುತ್ತಿದ್ದವು, ಕೆಳಗೆ ಮತ್ತೆ ನನ್ನ ಕನ್ನಡಿ.

"ಕನ್ನಡಿ ಒಳಗೆ ನೋಡು" ಎಂದಳು ಮಗಳು.

ಬಗ್ಗಿ ನೋಡಿದೆ. ಜೋತಾಡುತ್ತಿದ್ದ ದಾರಗಳು ಕನ್ನಡಿಯೊಳಗೆ ತಲೆಕೆಳಗಾಗಿ ಕಮಾನುಗಳಾಗಿ, ಗೋಪುರಗಳಾಗಿ ಎದ್ದು ನಿಂತಿದ್ದವು. ಆ ಆರ್ಕಿಟೆಕ್ಟ್ ಹೀಗೆಯೇ ದಾರದ ಎರಡೂ ತುದಿ ಮೇಲೆ ಕಟ್ಟಿ, ನಡುವೆ ಭಾರ ತೂಗಿ ಇಳಿಬಿಟ್ಟು ಕಮಾನಿನ ಆಕಾರ ಕಂಡುಕೊಳ್ಳುತ್ತಿದ್ದನಂತೆ. ಇಳಿಬಿದ್ದ ದಾರ ತನ್ನ ಭಾರಕ್ಕೆ ತಾನೇ ಯಾವ ಬಾಗು ಪಡೆಯುತ್ತದೋ, ಅದನ್ನು ತಿರುಗಿಸಿ ಕಲ್ಲಿನಲ್ಲಿ ಕಟ್ಟಿದರೆ ಬೀಳುವುದಿಲ್ಲವಂತೆ. ನನ್ನ ಮಗಳು ಐದು ವರ್ಷ ಕಾಲಿಗೆ ಕಟ್ಟಿ ಕುಣಿದ ಗೆಜ್ಜೆಗಳು ಆ ಚರ್ಚನ್ನು ಎತ್ತಿ ನಿಲ್ಲಿಸಿದ್ದವು.

ನನ್ನ ಚಿನ್ನದ ಚರ್ಚಿನ ಮುಂದೆ ಇಂಗ್ಲಿಷಿನಲ್ಲಿ ಒಂದು ಚೀಟಿ ಇತ್ತು: "ಇದನ್ನು ನನ್ನ ಅಮ್ಮ ಪರ್ಮಿಟ್ ಇಲ್ಲದೆ ಕಟ್ಟಿದ್ದಾರೆ. ಚೆನ್ನಾಗಿದೆ. ಆದರೆ ಇದು ನನ್ನದಲ್ಲ."

ಓದಿದ ಅಪ್ಪ ಅಮ್ಮಂದಿರೆಲ್ಲ ನಕ್ಕರು. ನಾನೂ ನಕ್ಕೆ. ಮಾಸ್ಕ್ ಇದ್ದದ್ದು ಒಳ್ಳೆಯದಾಯಿತು.

ಹೊರಗೆ ಬಂದು ಕಾರಿನಲ್ಲಿ ಕೂತು ಡ್ಯಾನ್ಸ್ ಟೀಚರಿಗೆ ಫೋನ್ ಮಾಡಿದೆ. "ಹಾಲ್ ಬೇಡ ಮೇಡಂ. ಅವಳನ್ನ ಕೇಳ್ದೇ ನಾನೇ ಹೇಳ್ಬಿಟ್ಟಿದ್ದೆ. ತಪ್ಪಾಯ್ತು."

"ಇಷ್ಟು ವರ್ಷ ಕಲ್ತು ಅರ್ಧಕ್ಕೇ ಬಿಟ್ರೆ ಹೆಂಗಮ್ಮಾ? ಯಾವಾಗ ಮುಗಿಸ್ತಾಳಂತೆ?"

ಥೇಟ್ ನನ್ನದೇ ದನಿ.

"ಗೊತ್ತಿಲ್ಲ ಮೇಡಂ," ಎಂದೆ. "ಓನರ್‌ಗೆ ಅರ್ಜೆಂಟ್ ಇಲ್ವಂತೆ."