ಕುತ್ತಿಗೆಯಿಂದ ತೊಡೆಯವರೆಗೆ

ನಾಳದಲ್ಲಿ ಬ್ಲಾಕ್ ಇರಬಹುದು. ವಾಲ್ವ್ ಸೋರುತ್ತಿರಬಹುದು. ಹೃದಯ ಉಬ್ಬಿರಬಹುದು. ಸವಣೂರಿನಿಂದ ಶಿಗ್ಗಾವಿ ಆಸ್ಪತ್ರೆ ಮುಟ್ಟುವ ಮೊದಲೇ ಬಸ್ಸಿನಲ್ಲೇ ನನ್ನ ಜೀವ ಹೋಗಿಬಿಡಬಹುದು. ಹೋದರೆ, ಕತ್ತರಿಸಿಟ್ಟ ಮದುವೆ ಬ್ಲೌಸುಗಳನ್ನು ಯಾರು ಹೊಲಿಯಬೇಕು?

ಹೊಲಿಗೆ ಮಷಿನ್ ತುಳಿಯುವಾಗ ಎದೆ ಹಿಡಿದುಕೊಂಡಿತ್ತು. ನಾನು ಸೀನು ಬಂದರೂ ನ್ಯುಮೋನಿಯಾ ಎನ್ನುವವಳು, ನಿಜ. ಆದರೆ ಹೋದ ವರ್ಷ ಹತ್ತಿಮತ್ತೂರಿನಲ್ಲಿ ಅಣ್ಣ ಎದೆ ಹಿಡಿದುಕೊಂಡು ಕೂತವನು ಏಳಲಿಲ್ಲ. ಈಗ ನನಗಾಗಿರುವಷ್ಟೇ ವಯಸ್ಸು ಆಗ ಅವನಿಗೆ.

ಶಿಗ್ಗಾವಿಯಲ್ಲಿ ತೆಗೆದ ಇಸಿಜಿ ಸರಿಯಿತ್ತು. ಅಣ್ಣನ ವಿಷಯ ಕೇಳಿದ ಡಾಕ್ಟರು ಬಿಡಲಿಲ್ಲ.

"ನಾಳ ಎಷ್ಟು ಬಿರುಸಾಗ್ಯಾವ ನೋಡೂಣ್ರಿ. ಮೊದ್ಲ ಇದಕ್ಕ ಹುಬ್ಬಳ್ಳಿಗೆ ಹೋಗಬೇಕಿತ್ತು. ಈಗ ಬಿಪಿ ನೋಡಿದಂಗ, ಅಷ್ಟ."

ಕುತ್ತಿಗೆಗೆ ಪೆನ್ನಿನಂಥದ್ದೊಂದು, ತೊಡೆಗೆ ಬಿಪಿ ಪಟ್ಟಿ. ಅಲ್ಲಿಂದ ಇಲ್ಲಿಗೆ ನಾಡಿಯ ಬಡಿತ ಎಷ್ಟು ಬೇಗ ಮುಟ್ಟುತ್ತದೆ ಎಂದು ಮಷಿನ್ ಲೆಕ್ಕ ಹಾಕುತ್ತದಂತೆ. ಮೆತ್ತನೆಯ ನಾಳದಲ್ಲಿ ನಿಧಾನ, ಬಿರುಸಾಗಿ ಗಟ್ಟಿಯಾದದ್ದರಲ್ಲಿ ಜೋರು. ಅದಕ್ಕೆ ಕುತ್ತಿಗೆಯಿಂದ ತೊಡೆಯವರೆಗಿನ ಅಳತೆ ಬೇಕು. ಸಿಸ್ಟರ್ ಟೇಪನ್ನು ನನ್ನ ಸೀರೆಯ ಮೇಲೆ ಸಡಿಲವಾಗಿ ಇಳಿಬಿಟ್ಟಳು. ನನಗೆ ತಡೆಯಲಾಗಲಿಲ್ಲ.

"ಟೇಪ್ ಹಂಗ ಹಿಡೀತಾರೇನವಾ? ಕೊಡಿಲ್ಲೆ. ಊರ ಮಂದಿ ಅಳತಿ ತಗೊಂಡಾಕಿ ನಾ."

ನಾನೇ ಅಳೆದು ಹೇಳಿದೆ. ಅವಳು ಆ ಅಂಕಿಯನ್ನೇ ಮಷಿನ್ನಿಗೆ ಒತ್ತಿದಳು.

ಡಾಕ್ಟರು ಪರದೆ ನೋಡಿದರು. "ಗೆರಿ ದಾಟೇತ್ರಿ. ನಾಳ ವಯಸ್ಸಿಗಿಂತ ಬಿರುಸ ಅದಾವ. ಸ್ವಲ್ಪ ಕುಂದರ್ರಿ, ಇನ್ನೊಮ್ಮೆ ನೋಡೂಣು."

ಅಣ್ಣ.

ಹೊರಗೆ ಬೆಂಚಿನ ಮೇಲೆ ನಮ್ಮ ಮನೆಯವರ ಪಕ್ಕ ಕೂತೆ. ಇಷ್ಟು ವರ್ಷ ಎದೆ, ಸೊಂಟ, ತೋಳು ಎಂದು ಎಲ್ಲರ ಮೈಯನ್ನು ಹೊರಗಿನಿಂದಲೇ ಅಳೆದವಳಿಗೆ, ಒಳಗೆ ಮೆತ್ತಗಿರಬೇಕಾದದ್ದು ಸದ್ದಿಲ್ಲದೆ ಬಿರುಸಾಗುತ್ತದೆ ಎಂಬುದು ಅಂದೇ ಹೊಳೆದದ್ದು. ಅಣ್ಣನಿಗೂ ಗೊತ್ತಾಗಿರಲಿಲ್ಲ.

"ನಾ ಹೋದ್ರ ಹೊಲಿಗಿ ಮಷಿನ್ ಅಕ್ಕನ ಮಗಳಿಗೆ ಕೊಡ್ರಿ," ಎಂದೆ ಅವರಿಗೆ.

"ಕೊಡೂಣಂತ. ಮೊದ್ಲ ಏಳು, ಒಳಗ ಕರಿಯಾಕತ್ತಾರ." ಅವರ ದನಿಯೂ ಸರಿಯಿರಲಿಲ್ಲ.

ಈ ಸಲ ಸಿಸ್ಟರ್ ಟೇಪು ನನ್ನ ಕೈಗೆ ಕೊಡಲಿಲ್ಲ. ಎಳೆದು ಹಿಡಿದು ಓದಿದಳು. ಮತ್ತೊಮ್ಮೆ ಓದಿದಳು.

"ಅಕ್ಕಾರ, ನೀವು ಎರಡಿಂಚ ಜಾಸ್ತಿ ಹೇಳಿದ್ರಿ."

"ಮತ್ತ ಹೊಲಿಗಿಗೆ ಬಟ್ಟಿ ಬಿಡಬೇಕಲ್ಲವಾ," ಎಂದೆ.

ಬಾಯಿಂದ ಬಂದ ಮೇಲೆ ಏನಂದೆ ಎಂದು ತಿಳಿಯಿತು. ಡಾಕ್ಟರು ಮುಖ ಗೋಡೆಯ ಕಡೆ ತಿರುಗಿಸಿದರು, ಭುಜ ಅಲುಗುತ್ತಿತ್ತು. ಅಳತೆ ಉದ್ದವಾದಷ್ಟೂ ಅಷ್ಟೇ ಹೊತ್ತಿನಲ್ಲಿ ನಾಡಿ ಹೆಚ್ಚು ದೂರ ಓಡಿದಂತೆ, ಅಂದರೆ ನಾಳ ಬಿರುಸಾದಂತೆ, ಮಷಿನ್ನಿಗೆ ಕಾಣುತ್ತದೆ ಎಂದು ಆಮೇಲೆ ಬಿಡಿಸಿ ಹೇಳಿದರು.

"ಈಗ ಗೆರಿ ಒಳಗ ಐತ್ರಿ. ಆದ್ರ ಗೆರಿಗೆ ಹತ್ತರನ ಐತಿ, ಮರೀಬ್ಯಾಡ್ರಿ. ಎದಿ ಹಿಡಿದದ್ದು, ಬಗ್ಗಿ ಕುಂತು ಹೊಲಿದು ಸ್ನಾಯು ಹಿಡಿದದ್ದಕ್ಕ. ಉಪ್ಪು ಕಡಿಮಿ ಮಾಡ್ರಿ, ದಿನಾ ನಡೀರಿ, ಆರು ತಿಂಗಳಿಗೆ ಮತ್ತ ಬರ್ರಿ."

ನಡೆಯುತ್ತಿದ್ದೇನೆ. ಹೆದರಿಕೆ ಪೂರ್ತಿ ಹೋಗಿಲ್ಲ, ಅದೂ ಜೊತೆಗೇ ನಡೆಯುತ್ತದೆ. ಆದರೆ ಅಣ್ಣನಿಗೆ ಸಿಗದ ಎಚ್ಚರಿಕೆ ನನಗೆ ಸಿಕ್ಕಿತು. ಅಂದು ನಿಜವಾಗಿ ತಪ್ಪಾಗಿದ್ದದ್ದು ನನ್ನ ನಾಳವಲ್ಲ, ಹೊಲಿಗೆಗೆಂದು ಬಿಟ್ಟ ಆ ಎರಡು ಇಂಚು.